ಠಾಣೆ ಮುಂದೆ ನಿಂತ ನಮ್ಮ ಗಾಡಿ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಬೆಳಿಗ್ಗೆಯಿಂದ ನೀವು ಭೂಮಿಯ ಬಗ್ಗೆ, ಮೀಸಲಾತಿಯ ಬಗ್ಗೆ, ಸಾಹಿತ್ಯದ ಬಗ್ಗೆ ದೊಡ್ಡ ಮಾತುಗಳನ್ನು ಕೇಳಿದ್ದೀರಿ. ನಾವು ತಂದಿರೋ ವಿಷಯ ಚಿಕ್ಕದು. ಕುಡಿದು ಗಾಡಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿದವನ ಗಾಡಿಯನ್ನ ಠಾಣೆಯಿಂದ ಬಿಡಿಸಿಕೊಂಡು ಬರೋದು ಹೇಗೆ ಅನ್ನೋದು. ಕೆಲವರು ನಗ್ತಾ ಇದ್ದೀರಿ. ಅಧ್ಯಯನ ಶಿಬಿರದಲ್ಲಿ ಕುಡುಕರ ಮಾತು ಯಾಕೆ ಅಂತ ಕೆಲವರು ಹುಬ್ಬು ಗಂಟಿಕ್ಕಿದ್ದೀರಿ. ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ಊರಲ್ಲಿ ಇಂಥದ್ದೇನಾದ್ರೂ ಆದರೆ ಮೊದಲ ಫೋನು ಯಾರಿಗೆ ಬರುತ್ತೆ? ಲಾಯರಿಗಲ್ಲ, ಎಂಎಲ್‌ಎಗಲ್ಲ. ಹಾಸ್ಟೆಲಿನಲ್ಲಿರೋ ಹುಡುಗನಿಗೆ. "ನೀನು ಓದಿದೋನು, ಬಾರಪ್ಪ" ಅಂತಾರೆ. ನಾವು ಹೋಗಿ ಠಾಣೆ ಗೇಟಿನ ಮುಂದೆ ಅವರ ಜೊತೆ ಇನ್ನೊಬ್ಬರಾಗಿ ಕೈಕಟ್ಟಿ ನಿಂತರೆ ನಮ್ಮ ಬಿಎ ಏನಕ್ಕೆ ಬಂತು? ಅವ್ವ ಅಪ್ಪ ಕೂಲಿ ಮಾಡಿ ನಮಗೆ ಅಕ್ಷರ ಕೊಡಿಸಿದ್ದು ನಾವೂ ಕೈಕಟ್ಟಿ ನಿಲ್ಲಲಿ ಅಂತ ಅಲ್ಲ.

ಗಾಡಿ ಅನ್ನೋದು ನಮ್ಮ ಜನಕ್ಕೆ ಬರೀ ಕಬ್ಬಿಣ ಅಲ್ಲ. 1901ರಲ್ಲಿ ಬಾಬಾಸಾಹೇಬರು ಹುಡುಗನಾಗಿದ್ದಾಗ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡೋಕೆ ಕೋರೆಗಾಂವಿಗೆ ಹೊರಟರು. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಅಸ್ಪೃಶ್ಯ ಹುಡುಗರನ್ನು ಕೂರಿಸಿಕೊಳ್ಳೋಕೆ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಹುಡುಗರೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. 1929ರಲ್ಲಿ ಅದೇ ಹುಡುಗ ಬ್ಯಾರಿಸ್ಟರ್ ಆಗಿ ಚಾಳಿಸಗಾಂವಿನಲ್ಲಿ ಇಳಿದಾಗಲೂ ಟಾಂಗಾದವರು ಹೊಡೆಯೋಕೆ ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ಕಿತು, ಹೊಡೆಯೋನು ಸಿಗಲಿಲ್ಲ. ಅನುಭವ ಇಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಇದನ್ನ ಅವರೇ ಬರೆದಿಟ್ಟಿದ್ದಾರೆ.

ಆ ಲಗಾಮು ಈಗ ನಮ್ಮ ಕೈಗೆ ಬಂದಿದೆ. ಲಗೇಜ್ ಆಟೊ, ಪ್ಯಾಸೆಂಜರ್ ಆಟೊ, ಟ್ರ್ಯಾಕ್ಟರ್, ಬೆಂಗಳೂರಿನ ಕ್ಯಾಬು, ಕೇರಿಯ ಸೆಕೆಂಡ್‌ಹ್ಯಾಂಡ್ ಬೈಕು. ಹೊಲ ಇಲ್ಲದವನಿಗೆ ಅದೇ ಹೊಲ. ಸಾಲ ತೆಗೆದು, ಹೆಂಡತಿಯ ಓಲೆ ಅಡವಿಟ್ಟು ತಂದದ್ದು. ಅಂಥ ಗಾಡಿ ಠಾಣೆ ಆವರಣದಲ್ಲಿ ಮಳೆ ಬಿಸಿಲಿಗೆ ನಿಂತು, ಟೈರು ಕೂತು, ಸೀಟಿನೊಳಗೆ ಗಿಡ ಹುಟ್ಟಿರೋದನ್ನ ನೀವೂ ನೋಡಿದ್ದೀರಿ. ಅದರಲ್ಲಿ ಎಷ್ಟು ಗಾಡಿಗಳ ಒಡೆಯರು ಬಡವರು, ಏನು ಮಾಡಬೇಕು ಅಂತ ತಿಳಿಯದೆ ಕೈಬಿಟ್ಟವರು ಅನ್ನೋದನ್ನ ಯಾರೂ ಲೆಕ್ಕ ಇಟ್ಟಿಲ್ಲ.

ಆದರೆ ಮೊದಲು ಒಂದು ಖಡಾಖಂಡಿತ ಮಾತು. ಕುಡಿದು ಓಡಿಸಿದ್ದು ತಪ್ಪು. ನಮ್ಮವನು ಅನ್ನೋ ಕಾರಣಕ್ಕೆ ತಪ್ಪು ಸಣ್ಣದಾಗಲ್ಲ. ನಸುಕಿನಲ್ಲಿ ರಸ್ತೆ ಗುಡಿಸ್ತಾ ಇರೋರು ಯಾರು? ರಾತ್ರಿ ಗಾರೆ ಕೆಲಸ ಮುಗಿಸಿ ರಸ್ತೆ ಅಂಚಲ್ಲಿ ನಡ್ಕೊಂಡು ಬರೋರು ಯಾರು? ಫುಟ್‌ಪಾತಿನಲ್ಲಿ ಮಲಗೋರು ಯಾರು? 2022ರಲ್ಲಿ ಈ ದೇಶದ ರಸ್ತೆಗಳ ಮೇಲೆ 1,68,000ಕ್ಕೂ ಹೆಚ್ಚು ಜನ ಸತ್ತರು. ಎಲ್ಲವೂ ಕುಡಿತದಿಂದ ಅಲ್ಲ. ಆದರೆ ಕುಡಿದವನ ಚಕ್ರಕ್ಕೆ ಸಿಗೋದು ಬಂಗಲೆಯಲ್ಲಿ ಮಲಗಿದವನಲ್ಲ, ನಮ್ಮ ಅವ್ವ, ನಮ್ಮ ಅಕ್ಕ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ತಮ್ಮ ಜನಕ್ಕೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಕುಡಿಯೋದಿಲ್ಲ ಅನ್ನೋದೂ ಒಂದು. ಫೋಟೊಗೆ ಹಾರ ಹಾಕೋ ದಿನ ನಾವು ಇದನ್ನ ಮಾತ್ರ ಮರೀತೀವಿ.

ಸರ್ಕಾರದ ಮುಖವನ್ನೂ ನೋಡಿ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಮದ್ಯ ನಿಲ್ಲಿಸಿ ಅಂತ ಕೇಳಿದರು. 2023-24ರ ಒಂದೇ ವರ್ಷದಲ್ಲಿ ಸರ್ಕಾರಕ್ಕೆ ಅಬಕಾರಿಯಿಂದ ಬಂದದ್ದು 30,000 ಕೋಟಿ ರೂಪಾಯಿಗೂ ಮೇಲೆ. ಅಂಗಡಿಗೆ ಲೈಸೆನ್ಸು ಕೊಡೋರೂ ಅವರೇ, ಅಂಗಡಿ ದಾಟಿದ ಮೇಲೆ ಊದಿಸೋರೂ ಅವರೇ. ಇದು ನಿಜ. ಆದರೆ ಈ ನಿಜವನ್ನ ಹೇಳ್ಕೊಂಡು ಕುಡಿದವನು ಸ್ಟೇರಿಂಗ್ ಹಿಡಿಯೋ ಹಾಗಿಲ್ಲ.

ಹಾಗಾದರೆ ನಾವು ಹೇಳೋದೇನು? ಕುಡಿದವನಿಗೆ ಕಾನೂನು ಹೇಳಿದಷ್ಟು ಶಿಕ್ಷೆ ಆಗಲಿ. ಅದಕ್ಕಿಂತ ಒಂದು ಗುಂಜಿಯೂ ಹೆಚ್ಚು ಬೇಡ. ಆ ಹೆಚ್ಚಿನದ್ದನ್ನ ತೆರೋದು ಅವನಲ್ಲ, ಮನೆಯಲ್ಲಿರೋ ಹೆಂಗಸು ಮಕ್ಕಳು.

ನಾವು ಕಣ್ಣಾರೆ ಕಂಡದ್ದೊಂದನ್ನ ಹೇಳ್ತೀವಿ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬನ ಅಣ್ಣ ಲಗೇಜ್ ಆಟೊ ಇಟ್ಟಿದ್ದ. ಮಂಡಿಗೆ ಟೊಮೇಟೊ ಇಳಿಸಿ, ಕುಡಿದು ವಾಪಸ್ ಬರ್ತಾ ಸಿಕ್ಕಿಬಿದ್ದ. ಊದಿದ, ಮೀಟರಿನಲ್ಲಿ ಮಿತಿಗಿಂತ ಎರಡು ಪಟ್ಟು ಬಂತು. ಹೆಸರು ಬರ್ಕೊಳ್ಳೋವಾಗ "ಯಾವ ಜನವೋ ನೀನು?" ಅಂತ ಕೇಳಿದರು. ಊದೋ ಮೀಟರು ಜಾತಿ ಕೇಳಲ್ಲ, ಅದನ್ನ ಹಿಡಿದ ಕೈ ಕೇಳುತ್ತೆ. ಗಾಡಿ ಠಾಣೆಗೆ ಹೋಯ್ತು. ಮಾರನೆ ದಿನ ಗೇಟಿನ ಹತ್ತಿರ ಒಬ್ಬ ದಲ್ಲಾಳಿ ಸಿಕ್ಕಿ, "ಎಂಟು ಸಾವಿರ ಕೊಡು, ಕೇಸೇ ಇಲ್ಲದಂಗೆ ಮಾಡಿಸ್ತೀನಿ" ಅಂದ. ಸಾಲ ಮಾಡಿ ಕೊಟ್ಟ. ದುಡ್ಡೂ ಹೋಯ್ತು, ದಲ್ಲಾಳಿಯೂ ಹೋದ.

ಅಷ್ಟರಲ್ಲಿ ದೊಡ್ಡ ತೊಡಕು ಹೊರಗೆ ಬಂತು. ಗಾಡಿ ಸೆಕೆಂಡ್‌ಹ್ಯಾಂಡ್. ಆರ್‌ಸಿ ಇನ್ನೂ ಮಾರಿದವನ ಹೆಸರಲ್ಲೇ ಇದೆ. ಮಾರಿದವನು ಊರಿನ ಯಜಮಾನ. ಅವನ ಜಗಲಿ ಕೆಳಗೆ ನಿಂತು ಅಣ್ಣ "ಬುದ್ಧಿ, ಬಂದು ಒಂದು ಸಹಿ ಹಾಕಿಕೊಡಿ" ಅಂದ. "ಹಾಕಾನ ಬಿಡ್ಲಾ. ರಾಗಿ ಕೊಯ್ಲು ಐತೆ, ನಾಕು ದಿನ ಇಬ್ರೂ ಬಂದು ಮುಗಿಸ್ಕೊಡಿ" ಅಂದ ಯಜಮಾನ. ಗಂಡ ಹೆಂಡತಿ ಇಬ್ಬರೂ ನಾಲ್ಕು ದಿನ ಕೂಲಿ ಇಲ್ಲದೆ ಕೊಯ್ದರು. ಸಹಿ ಬರಲಿಲ್ಲ. ಜೀತ ರದ್ದಾದದ್ದು 1976ರ ಕಾಯ್ದೆಯಲ್ಲಿ. ಗೆಳೆಯರೆ, ಒಂದು ಸಹಿಗೆ ನಾಲ್ಕು ದಿನ ಬಿಟ್ಟಿ ದುಡಿಸಿಕೊಂಡರೆ ಅದಕ್ಕೆ ಯಾವ ಹೆಸರು?

ಆಮೇಲೆ ಆ ಅಣ್ಣ ತಮ್ಮನಿಗೆ ಫೋನು ಮಾಡಿದ. ನಾವು ಮೂವರು ಹೋದೆವು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರೋ ಕಾನೂನು ಸೇವಾ ಪ್ರಾಧಿಕಾರದಲ್ಲಿ ಜಾತಿ ಪ್ರಮಾಣಪತ್ರ ತೋರಿಸಿ ಅರ್ಜಿ ಕೊಟ್ಟೆವು. ಲಾಯರನ್ನ ಕೊಟ್ಟರು. ಗಾಡಿ ಕೊಂಡ ಕರಾರು ಪತ್ರ, ಕಂತು ಕಟ್ಟಿದ ರಸೀತಿ, ಟೈರಿನ ಬಿಲ್ಲು, ಎಲ್ಲ ಸೇರಿಸಿ ಗಾಡಿಯನ್ನ ತಮ್ಮ ವಶಕ್ಕೆ ಕೊಡಿ ಅಂತ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿದರು. ಕೋರ್ಟು ಯಜಮಾನನಿಗೆ ನೋಟೀಸು ಕಳಿಸಿತು. ನಾಲ್ಕು ದಿನ ಕೊಯ್ಲು ಮಾಡಿಸಿಯೂ ಬಾರದವನು, ಒಂದು ಹಾಳೆ ನೋಟೀಸಿಗೆ ತಾನೇ ಬಸ್ಸು ಹತ್ತಿ ಬಂದ. "ಗಾಡಿ ಅವನದೇ, ನಂದೇನೂ ತಕರಾರಿಲ್ಲ" ಅಂದ. ಮುಚ್ಚಳಿಕೆ ಬರೆಸಿಕೊಂಡು ಗಾಡಿ ಬಿಟ್ಟರು. ಹಿಡಿದ ದಿನದಿಂದ ಇಪ್ಪತ್ತಾರನೇ ದಿನ. ಬ್ಯಾಟರಿ ಇರಲಿಲ್ಲ, ಸ್ಟೆಪ್ನಿ ಇರಲಿಲ್ಲ. ಎರಡು ಕಂತು ಬಾಕಿ ಬಿದ್ದಿತ್ತು. ಆಮೇಲೆ ಕೋರ್ಟಿನಲ್ಲಿ ತಪ್ಪು ಒಪ್ಪಿ 10,000 ರೂಪಾಯಿ ದಂಡವನ್ನೂ ಕಟ್ಟಿದ. ಅದು ಸರಿಯಾದ ದಂಡ. ಉಳಿದದ್ದು ಯಾವ ಕಾನೂನೂ ಹಾಕದ ದಂಡ.

ಈಗ ಆ ಕಾನೂನು ಏನು ಹೇಳುತ್ತೆ ನೋಡೋಣ. ಪೆನ್ನು ಇರೋರು ಬರ್ಕೊಳ್ಳಿ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯ ಇದ್ದರೆ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ 15,000, ಇಲ್ಲವೆ ಎರಡೂ. ಊದೋಕೆ ಒಲ್ಲೆ ಅಂದರೆ ತಪ್ಪಿಸಿಕೊಳ್ಳಬಹುದು ಅನ್ನೋದು ಸುಳ್ಳು. ಒಲ್ಲೆ ಅಂದದ್ದೇ ಕೋರ್ಟಿನಲ್ಲಿ ನಮ್ಮ ವಿರುದ್ಧ ನಿಲ್ಲುತ್ತೆ.

ಮುಖ್ಯವಾದ ಮಾತು ಇದು. ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ಹಾರಿದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸಬಹುದು. 185ಕ್ಕೆ ಹಾಗಿಲ್ಲ. ಅದನ್ನ ರಸ್ತೆಯಲ್ಲಾಗಲಿ ಠಾಣೆಯಲ್ಲಾಗಲಿ ರಾಜಿ ಮಾಡೋ ಅಧಿಕಾರ ಯಾವ ಪೊಲೀಸಿಗೂ ಇಲ್ಲ. ಕೋರ್ಟಿಗೇ ಹೋಗಬೇಕು. ಹಾಗಿರೋವಾಗ ರಸ್ತೆಯಲ್ಲಿ, ಗೇಟಿನಲ್ಲಿ, ಟೀ ಅಂಗಡಿಯಲ್ಲಿ ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಅದು ದಂಡ ಅಲ್ಲ, ಲಂಚ.

ಹಿಡಿದ ಮನುಷ್ಯನ ವಿಚಾರ. ವಾರಂಟ್ ಇಲ್ಲದೆ ಹಿಡಿಯೋಕೆ 202ನೇ ಕಲಂ ಅಧಿಕಾರ ಕೊಡುತ್ತೆ. ಆದರೆ ಹಿಡಿದ ಎರಡು ಗಂಟೆಯೊಳಗೆ ಡಾಕ್ಟರರಿಂದ ಪರೀಕ್ಷೆ ಮಾಡಿಸಬೇಕು, ಮಾಡಿಸದಿದ್ದರೆ ಬಿಡಬೇಕು. ಈ ಅಪರಾಧ ಜಾಮೀನು ಸಿಗೋ ಅಪರಾಧ. ಜಾಮೀನು ದಯೆಯಲ್ಲ, ಹಕ್ಕು. ಮನೆಯವರಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ. ಬಸು ಕೇಸಿನಲ್ಲಿ ಹೇಳಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನೋದು ಸಂವಿಧಾನದ 22ನೇ ವಿಧಿ. ಹೊಡೆಯೋಕೆ, ಜಾತಿ ಹಿಡಿದು ಬೈಯೋಕೆ ಯಾವ ಕಲಮೂ ಇಲ್ಲ.

ಇನ್ನು ಗಾಡಿಯ ವಿಚಾರ. ಡ್ರೈವರನ್ನ ಹಿಡಿದಾಗ ಗಾಡಿಗೆ ತಾತ್ಕಾಲಿಕವಾಗಿ ಒಂದು ವ್ಯವಸ್ಥೆ ಮಾಡಬಹುದು ಅಂತ ಅದೇ 202 ಹೇಳುತ್ತೆ. ತಾತ್ಕಾಲಿಕ ಅನ್ನೋ ಮಾತನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. 2021ರಲ್ಲಿ ತೆಲಂಗಾಣ ಹೈಕೋರ್ಟು ಇದನ್ನ ಬಿಡಿಸಿ ಹೇಳಿತು. ಕುಡಿದು ಓಡಿಸಿದ ಅನ್ನೋ ಒಂದೇ ಕಾರಣಕ್ಕೆ ಗಾಡಿ ಜಪ್ತಿ ಮಾಡಿ ಇಟ್ಟುಕೊಳ್ಳೋ ಹಾಗಿಲ್ಲ. ಜೊತೆಗಿರೋರಲ್ಲಿ ಕುಡಿಯದೆ ಇರೋನು, ಲೈಸೆನ್ಸು ಇರೋನು ಇದ್ದರೆ ಅವನ ಕೈಗೆ ಕೊಡಬೇಕು. ಇಲ್ಲದಿದ್ದರೆ ಮನೆಯವರನ್ನ ಕರೆಸಬೇಕು. ಯಾರೂ ಬರದಿದ್ದರೆ ಮಾತ್ರ ಠಾಣೆಗೆ ಒಯ್ದು, ದಾಖಲೆ ತೋರಿಸಿದವರಿಗೆ ಬಿಡಬೇಕು. ಅದು ಆ ರಾಜ್ಯದ ತೀರ್ಪು, ನಮ್ಮ ಪೊಲೀಸರನ್ನ ನೇರವಾಗಿ ಕಟ್ಟಿಹಾಕಲ್ಲ. ಆದರೂ ಅರ್ಜಿಯಲ್ಲಿ ಅದನ್ನ ಕಾಣಿಸೋಕೆ ಯಾರ ಅಪ್ಪಣೆಯೂ ಬೇಡ.

ಗಾಡಿ ಠಾಣೆಗೆ ಹೋಯ್ತು ಅಂದ್ಕೊಳ್ಳಿ. ಮೊದಲ ಕೆಲಸ, ಗಾಡಿ ತಗೊಂಡದ್ದಕ್ಕೆ ಬರಹದಲ್ಲಿ ರಸೀತಿ ಕೇಳೋದು. ಎರಡನೆಯದು, ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯೋದು. ಮೀಟರು, ಬ್ಯಾಟರಿ, ಸ್ಟೆಪ್ನಿ, ಜಾಕು, ಒಳಗಿರೋ ಸಾಮಾನು ಎಲ್ಲ ಅದರಲ್ಲಿ ಕಾಣಬೇಕು. ಆ ಅಣ್ಣನ ಹತ್ತಿರ ಒಂದು ಫೋಟೊ ಇದ್ದಿದ್ದರೆ ಬ್ಯಾಟರಿ ಕೇಳೋಕೆ ಒಂದು ಬಾಯಿ ಇರ್ತಿತ್ತು.

ಆಮೇಲೆ ಯಾವ ಕಲಮಿನಲ್ಲಿ ಹಿಡಿದಿದ್ದಾರೆ ಅಂತ ಕೇಳಿ. ಬರೀ 185 ಒಂದೇನಾ, 207 ಕೂಡ ಇದೆಯಾ? 207 ಅಂದರೆ ಡ್ರೈವಿಂಗ್ ಲೈಸೆನ್ಸು, ನೋಂದಣಿ, ಪರ್ಮಿಟ್ಟು ಇಲ್ಲದ್ದಕ್ಕೆ ಗಾಡಿ ತಡೆಹಿಡಿಯೋದು. ಅದಕ್ಕೆ ಸಾರಿಗೆ ಅಧಿಕಾರಿಗೆ ಅಥವಾ ಆ ಅಧಿಕಾರ ಇರೋ ಪೊಲೀಸ್ ಅಧಿಕಾರಿಗೆ ದಾಖಲೆ ಸಮೇತ ಅರ್ಜಿ ಕೊಟ್ಟರೆ ಬಿಡಬಹುದು. ಅಪಘಾತ ಆಗಿದ್ದರೆ ದಾರಿಯೇ ಬೇರೆ. ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಗಾಡಿ ಪರೀಕ್ಷೆ ಮಾಡೋವರೆಗೂ ಅದು ಕದಲಲ್ಲ.

ಅಪಘಾತ ಇಲ್ಲದ ಕೇಸಿನಲ್ಲಿ ದಾರಿ ಎರಡು. ಒಂದು, ಕೋರ್ಟಿಗೆ ಹೋಗಿ ತಪ್ಪು ಒಪ್ಪಿ, ದಂಡ ಕಟ್ಟಿ, ರಸೀತಿ ತೋರಿಸಿ ಗಾಡಿ ಬಿಡಿಸೋದು. ಬೇಗ ಮುಗಿಯುತ್ತೆ. ಆದರೆ ತಪ್ಪು ಒಪ್ಪಿದರೆ ಅದು ಶಿಕ್ಷೆ ಆದಂತೆ, ಮುಂದಿನ ಸಲ ಎರಡನೇ ಅಪರಾಧ ಅಂತಲೇ ಲೆಕ್ಕ. ಇನ್ನೊಂದು, ಕೇಸು ನಡೆಯೋದಾದರೆ ಅಥವಾ ತಡ ಆಗೋದಾದರೆ, ಗಾಡಿಯನ್ನ ಮಧ್ಯಂತರವಾಗಿ ನಮ್ಮ ವಶಕ್ಕೆ ಕೊಡಿ ಅಂತ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕೋದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503. ಠಾಣೆಗಳಲ್ಲಿ ಗಾಡಿಗಳನ್ನ ಕೊಳೆಯೋಕೆ ಬಿಡಬಾರದು, ಮುಚ್ಚಳಿಕೆ ಜಾಮೀನು ತಗೊಂಡು ಬೇಗ ಬಿಟ್ಟುಕೊಡಬೇಕು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಅನ್ನೋ ಕೇಸು. ಈ ಹೆಸರನ್ನ ಬಾಯಿಪಾಠ ಮಾಡಿ. 503ನೇ ಕಲಂ ನೋಡೋದು ವಸ್ತು ಯಾರ ಸ್ವಾಧೀನಕ್ಕೆ ಸೇರಬೇಕಾದ್ದು ಅನ್ನೋದನ್ನ. ಆರ್‌ಸಿಯಲ್ಲಿ ಹೆಸರಿದ್ದರೆ ಸುಲಭ, ಇಲ್ಲದಿದ್ದರೆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಆರ್‌ಸಿ, ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು, ಬಾಡಿಗೆ ಗಾಡಿಯಾದರೆ ಪರ್ಮಿಟ್ಟು ಮತ್ತು ಎಫ್‌ಸಿ, ಒಡೆಯನ ಗುರುತಿನ ಚೀಟಿ ಕೈಯಲ್ಲಿರಬೇಕು. ಗಾಡಿ ತರೋಕೆ ಲೈಸೆನ್ಸು ಇರೋ ಇನ್ನೊಬ್ಬ ಜೊತೆಗೆ ಬರಬೇಕು. ಯಾಕಂದರೆ ಸಿಕ್ಕಿಬಿದ್ದವನ ಲೈಸೆನ್ಸು ಆರ್‌ಟಿಒಗೆ ಹೋಗುತ್ತೆ. ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ ಅಮಾನತು ಮಾಡಿ ಅಂತ ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟು ನೇಮಿಸಿದ ಸಮಿತಿ 2015ರಲ್ಲಿ ಹೇಳಿದೆ. ಆ ಮೂರು ತಿಂಗಳು ಅವನು ಓಡಿಸಿದರೆ ಅದು ಇನ್ನೊಂದು ಕೇಸು.

ಲಾಯರಿಗೆ ದುಡ್ಡೆಲ್ಲಿ ಅಂತ ಕೇಳ್ತೀರಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಲಾಯರು ಪುಕ್ಕಟೆ. ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ. ಹೆಂಗಸರಿಗೆ ಯಾವ ಜಾತಿಯಾದರೂ ಪುಕ್ಕಟೆ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತೆ. ಫೋನು 15100. ಠಾಣೆಯಲ್ಲಿ ಜಾತಿ ಕೇಳಿ ಕುಗ್ಗಿಸ್ತಾರಲ್ಲ, ಅದೇ ಜಾತಿ ಪ್ರಮಾಣಪತ್ರ ಇಲ್ಲಿ ನಮ್ಮ ಕೈಗೆ ಲಾಯರನ್ನ ಕೊಡುತ್ತೆ. ನಮ್ಮ ಜನ ಎಂಟು ಸಾವಿರ ಕೊಟ್ಟು ದಲ್ಲಾಳಿ ಹಿಡೀತಾರೆ, ಪುಕ್ಕಟೆ ಲಾಯರು ಇರೋದು ಯಾರಿಗೂ ಗೊತ್ತಿಲ್ಲ. ತಿಳಿಸಬೇಕಾದವರು ಯಾರು? ನಾವು.

ನಿಮ್ಮ ಸ್ವಂತದ ಮಾತನ್ನೂ ಹೇಳಿಬಿಡ್ತೀವಿ. ನಿಮ್ಮಲ್ಲಿ ಎಷ್ಟೋ ಜನ ಕಾನ್‌ಸ್ಟೆಬಲ್, ಎಫ್‌ಡಿಎ, ಮೇಷ್ಟ್ರು ಕೆಲಸಕ್ಕೆ ಓದ್ತಾ ಇದ್ದೀರಿ. ಕೆಲಸ ಸಿಕ್ಕ ಮೇಲೆ ನಿಮ್ಮ ಮೇಲೆ ಕೇಸು ಇತ್ತಾ, ಶಿಕ್ಷೆ ಆಗಿತ್ತಾ ಅಂತ ಫಾರಂ ಬರುತ್ತೆ. ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ಕೆಲಸ ಕಳೆಯಬಹುದು. ಇನ್ನೊಬ್ಬನ ಬೈಕಿನಲ್ಲಿ ಒಂದು ರಾತ್ರಿಯ ಮೋಜಿಗೆ ಒಂದು ಕೇರಿಯ ಮೊದಲ ಸರ್ಕಾರಿ ಕೆಲಸ ಹೋಗೋದು ಬೇಡ.

ಇನ್ನು ಮಾಡಬೇಕಾದ್ದು. ಪ್ರತಿ ಹಾಸ್ಟೆಲಿನಲ್ಲೂ ಇಬ್ಬರು ಅರ್ಜಿ ಬರೆಯೋದನ್ನ ಕಲೀಬೇಕು. ಒಂದು ನೋಟುಬುಕ್ಕಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಿಳಾಸ, ಅರ್ಜಿಯ ಮಾದರಿ, ಈಗ ಹೇಳಿದ ಕಲಮುಗಳು ಇರಬೇಕು. ಈ ರಜೆಗೆ ಊರಿಗೆ ಹೋದಾಗ ಕೇರಿಯ ಒಂದೊಂದು ಗಾಡಿಯ ಆರ್‌ಸಿ ಯಾರ ಹೆಸರಲ್ಲಿದೆ ನೋಡಿ. ಕೊಂಡ 30 ದಿನದೊಳಗೆ ಹೆಸರು ಬದಲಾಯಿಸೋಕೆ ಅರ್ಜಿ ಕೊಡಬೇಕು ಅಂತ ಕಾಯ್ದೆಯ 50ನೇ ಕಲಂ ಹೇಳುತ್ತೆ. ಇನ್ನೊಬ್ಬನ ಹೆಸರಲ್ಲಿರೋ ಗಾಡಿ ಅಂದರೆ ನಮ್ಮ ಕುತ್ತಿಗೆಯ ಹಗ್ಗದ ತುದಿ ಇನ್ನೊಬ್ಬನ ಕೈಯಲ್ಲಿರೋದು. ಕಾಗದ ನಮ್ಮ ಹೆಸರಿಗೆ ಆಗಲಿ. ಠಾಣೆಗೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೋಗಿ. ಕೂಗಾಡಬೇಡಿ. ಅರ್ಜಿ ಎರಡು ಪ್ರತಿ ಬರೀರಿ, ಒಂದರ ಮೇಲೆ ಸ್ವೀಕೃತಿ ಸಹಿ ಸೀಲು ಹಾಕಿಸಿಕೊಳ್ಳಿ. ಕೊಡಲ್ಲ ಅಂದರೆ ಕೊಡಲ್ಲ ಅಂತಲೇ ಹಿಂಬರಹ ಕೇಳಿ. ಬಾಯಲ್ಲಿ ಗದರಿಸೋನು ಬರಹ ಕೇಳಿದ ತಕ್ಷಣ ಮೆತ್ತಗಾಗೋದನ್ನ ನಾವು ನೋಡಿದ್ದೀವಿ.

ಇದೆಲ್ಲಕ್ಕೂ ಮೊದಲಿನ ಕೆಲಸ ಒಂದಿದೆ. ಮದುವೆಯಲ್ಲಿ, ಹಬ್ಬದಲ್ಲಿ, ಮಂಡಿಯಲ್ಲಿ ಕುಡಿದವನ ಕೈಯಿಂದ ಕೀ ಕಿತ್ತುಕೊಳ್ಳಿ. ದೊಡ್ಡವರು, ಅಣ್ಣ, ಮಾವ ಅಂತ ಸಂಕೋಚ ಬೇಡ. ಬೈದರೆ ಬೈಸಿಕೊಳ್ಳಿ. ಬೆಳಿಗ್ಗೆ ಕೀ ಕೊಡಿ. ಕುಡಿಯೋದನ್ನೇ ಬಿಡಿಸೋ ಹೋರಾಟ ಉದ್ದದ್ದು, ಅದನ್ನೂ ಮಾಡೋಣ. ಕೀ ಕಿತ್ತುಕೊಳ್ಳೋದು ಇವತ್ತು ರಾತ್ರಿಯೇ ಆಗೋ ಕೆಲಸ.

ಗೆಳೆಯರೆ, ಒಂದು ಕಾಲಕ್ಕೆ ನಮ್ಮನ್ನ ಗಾಡಿಗೆ ಹತ್ತಿಸಲಿಲ್ಲ. ಈಗ ಗಾಡಿ ನಮ್ಮದು. ಅದನ್ನ ಹೆಂಡಕ್ಕೂ ಕಳೆಯೋದು ಬೇಡ, ದಲ್ಲಾಳಿಗೂ ಕಳೆಯೋದು ಬೇಡ, ಯಜಮಾನನ ಸಹಿಗೂ ಕಳೆಯೋದು ಬೇಡ. ನಮ್ಮ ಅಪ್ಪಂದಿರು ಕೈ ಮುಗಿದರು, ಅವರಿಗೆ ಅಕ್ಷರ ಇರಲಿಲ್ಲ. ನಮಗಿದೆ. ಬರೆಯೋಣ.

ಜೈ ಭೀಮ್.